ಕರ್ನಲ್ ‘ಇಲ್ಲ’ ಅಂದಾಗ: ಕ್ಲೋಸ್ ರೇಂಜ್ ಪ್ರಕರಣ

ಬೇರೆ ಪ್ರೋಗ್ರಾಮ್‌ಗಳನ್ನು ಶುರು ಮಾಡಿ, ಅವು ಸತ್ತರೆ ಮತ್ತೆ ಎಬ್ಬಿಸುವ ಒಂದು ಸಣ್ಣ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮ್) ನಮ್ಮ ತಂಡದ ಕೈಯಲ್ಲಿದೆ. ಸಿ ಭಾಷೆಯಲ್ಲಿ ಬರೆದದ್ದು, ಲಿನಕ್ಸ್ ಮೇಲೆ ಮಾತ್ರ ಓಡುತ್ತದೆ. ಅದರೊಳಗಿದ್ದ ಒಂದು ಹಳೆಯ ಲೂಪ್ ತೆಗೆದು, ಆ ಜಾಗಕ್ಕೆ ಒಂದು ಹೊಸ ಸಿಸ್ಟಮ್ ಕಾಲ್ (ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಪ್ರೋಗ್ರಾಮ್ ಕೊಡುವ ಕರೆ) ಹಾಕಿದೆವು. ಹನ್ನೆರಡು ಸಾಲಿನ ಬದಲಾವಣೆ, ಅಷ್ಟೇ. ಅದು ನೆಟ್ಟಗಾಗುವಷ್ಟರಲ್ಲಿ ಮೂರು ಬಿಡುಗಡೆ ಕಳೆದಿದ್ದವು. ಆ ಹನ್ನೆರಡು ಸಾಲನ್ನು ಓದಿ ‘ಸರಿಯಿದೆ’ ಅಂದವನು ನಾನೇ. ಹಾಗಾಗಿ ಈ ಪ್ರಕರಣ ಬರೆಯುವ ಹೊಣೆಯೂ ನನ್ನದೇ.

ಮೊದಲು ಆ ಲೂಪ್ ಯಾಕಿತ್ತು ಅಂತ ಹೇಳುತ್ತೇನೆ. ಲಿನಕ್ಸ್‌ನಲ್ಲಿ ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಫೋರ್ಕ್ ಮಾಡಿದರೆ, ಅಂದರೆ ತನ್ನದೇ ನಕಲಾದ ಒಂದು ಚೈಲ್ಡನ್ನು ಹುಟ್ಟಿಸಿದರೆ, ಅದು ತೆರೆದಿಟ್ಟಿದ್ದ ಫೈಲು, ಸಾಕೆಟ್ಟು, ಪೈಪು ಎಲ್ಲವೂ ಚೈಲ್ಡ್‌ಗೂ ಸಿಗುತ್ತವೆ. ಆ ಚೈಲ್ಡ್ ಎಕ್ಸೆಕ್ ಮಾಡಿ ಬೇರೆ ಪ್ರೋಗ್ರಾಮ್ ಆದ ಮೇಲೂ ಅವು ತೆರೆದೇ ಇರುತ್ತವೆ. ಇದರಿಂದ ಎರಡು ಬಗೆಯ ತೊಂದರೆ. ಒಂದು, ಡೀಮನ್ ಕೇಳುತ್ತಿದ್ದ ಸಾಕೆಟ್ ಚೈಲ್ಡ್ ಕೈಯಲ್ಲೂ ಉಳಿದರೆ, ಡೀಮನ್ ನಿಲ್ಲಿಸಿ ಮತ್ತೆ ಶುರು ಮಾಡುವಾಗ ‘ಈ ವಿಳಾಸ ಆಗಲೇ ಬಳಕೆಯಲ್ಲಿದೆ’ ಅಂತ ತಗಾದೆ ಬರುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಚೈಲ್ಡನ್ನು ಕಡಿಮೆ ಹಕ್ಕಿನ ಬೇರೆ ಬಳಕೆದಾರನ ಹೆಸರಲ್ಲಿ ಓಡಿಸಿದರೂ, ರೂಟ್ (ಎಲ್ಲ ಹಕ್ಕೂ ಇರುವ ಬಳಕೆದಾರ) ತೆರೆದಿದ್ದ ಗುಟ್ಟಿನ ಫೈಲ್ ಅದರ ಕೈಯಲ್ಲಿರುತ್ತದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಒಳಗಿದ್ದವನಿಗೇ ಕೊಟ್ಟ ಹಾಗೆ.

ಪ್ರತಿ ಫೈಲನ್ನೂ ‘ಎಕ್ಸೆಕ್ ಆದಾಗ ಮುಚ್ಚಿಕೋ’ ಅನ್ನುವ ಫ್ಲ್ಯಾಗ್ ಹಾಕಿಯೇ ತೆರೆಯಬಹುದಲ್ವಾ ಅಂತ ನೀವು ಕೇಳಬಹುದು. ನಮ್ಮ ಕೋಡ್‌ನಲ್ಲಿ ಹಾಗೇ ಮಾಡುತ್ತೇವೆ. ಆದರೆ ನಾವು ಬಳಸುವ ಲೈಬ್ರರಿಗಳು ಏನೇನು ತೆರೆಯುತ್ತವೆ, ಹೇಗೆ ತೆರೆಯುತ್ತವೆ ಅನ್ನುವುದು ನಮ್ಮ ಹಿಡಿತದಲ್ಲಿಲ್ಲ. ಅದಕ್ಕೇ ಎಕ್ಸೆಕ್‌ಗೆ ಮುಂಚೆ ಒಂದು ಪೊರಕೆ ಬೇಕು. ತೆರೆದ ಪ್ರತಿ ಫೈಲಿಗೂ ಕರ್ನಲ್ ಒಂದು ಸಂಖ್ಯೆ, ಅಂದರೆ ಡಿಸ್ಕ್ರಿಪ್ಟರ್, ಕೊಡುತ್ತದೆ; 0, 1, 2 ಮಾಮೂಲಿ ಇನ್‌ಪುಟ್, ಔಟ್‌ಪುಟ್, ಎರರ್‌ಗೆ. ಹಳೆಯ ಪೊರಕೆ ಹೀಗಿತ್ತು: 3ರಿಂದ ಶುರು ಮಾಡಿ, ಈ ಪ್ರೊಸೆಸ್ ಎಷ್ಟು ಫೈಲ್ ತೆರೆಯಬಹುದೋ ಆ ಮಿತಿಯವರೆಗೆ ಒಂದೊಂದೇ ಸಂಖ್ಯೆಗೆ ಕ್ಲೋಸ್ ಕರೆಯುವುದು. ಆ ಸಂಖ್ಯೆಯಲ್ಲಿ ಏನೂ ತೆರೆದಿಲ್ಲದಿದ್ದರೂ ಸರಿ, ಕರೆ ಮಾತ್ರ ಹೋಗುತ್ತಿತ್ತು.

2020ರ ಅಕ್ಟೋಬರ್‌ನಲ್ಲಿ ಬಂದ ಲಿನಕ್ಸ್ 5.9ರಲ್ಲಿ ಕ್ಲೋಸ್ ರೇಂಜ್ ಅನ್ನುವ ಸಿಸ್ಟಮ್ ಕಾಲ್ ಸೇರಿತು. ಅದರ ಸಂಖ್ಯೆ 436. ಶುರು, ಕೊನೆ, ಫ್ಲ್ಯಾಗ್ ಅಂತ ಮೂರು ಕೊಟ್ಟರೆ ಸಾಕು, ನಡುವೆ ಇದ್ದದ್ದೆಲ್ಲ ಒಂದೇ ಏಟಿಗೆ ಮುಚ್ಚುತ್ತದೆ. 2021ರ ಫೆಬ್ರವರಿಯಲ್ಲಿ 5.11 ಬಂದಾಗ ಅದಕ್ಕೆ ಇನ್ನೊಂದು ಫ್ಲ್ಯಾಗ್ ಸಿಕ್ಕಿತು: ಈಗಲೇ ಮುಚ್ಚಬೇಡ, ಎಕ್ಸೆಕ್ ಆದಾಗ ಮುಚ್ಚುವ ಹಾಗೆ ಗುರುತು ಹಾಕಿಡು. ನಮಗೆ ಇಷ್ಟವಾದದ್ದು ಆ ಫ್ಲ್ಯಾಗೇ. ಕಾರಣವೂ ಇತ್ತು. ಎಕ್ಸೆಕ್ ಸೋತರೆ ಆ ಸುದ್ದಿಯನ್ನು ಪೇರೆಂಟ್‌ಗೆ ಮುಟ್ಟಿಸಲು ಚೈಲ್ಡ್ ಬಳಿ ಒಂದು ಪೈಪ್ ಇರುತ್ತದೆ. ಎಲ್ಲವನ್ನೂ ಈಗಲೇ ಮುಚ್ಚಿದರೆ ಆ ಪೈಪೂ ಹೋಗುತ್ತದೆ. ಗುರುತು ಹಾಕುವ ಫ್ಲ್ಯಾಗ್ ಇದ್ದರೆ ಆ ಚಿಂತೆಯೇ ಇಲ್ಲ.

ಕೋಡ್ ಬರೆದಾಯಿತು. ಕರ್ನಲ್ ಇ-ನೋಸಿಸ್, ಅಂದರೆ 38ನೇ ಎರರ್, ಕೊಟ್ಟರೆ ಈ ಕರೆ ಇಲ್ಲ ಅಂತ ಅರ್ಥ, ಹಳೆಯ ಲೂಪ್‌ಗೆ ಹೋಗು. ಬೇರೆ ಯಾವ ಎರರ್ ಬಂದರೂ ಏನೋ ಎಡವಟ್ಟಾಗಿದೆ, ಆ ಕೆಲಸ ಶುರು ಮಾಡಬೇಡ. ಓದಿದಾಗ ಬಹಳ ಶಿಸ್ತಾಗಿ ಕಂಡಿತು. ಟೆಸ್ಟ್ ಮಾಡಿದ ಯಂತ್ರದಲ್ಲಿ ಇದ್ದದ್ದು 5.15.

ಮೊದಲ ಏಟು

ಬಿಡುಗಡೆಯಾಗಿ ಎರಡೇ ದಿನಕ್ಕೆ ದೂರು ಬಂತು. ಒಂದು ಸರ್ವರ್‌ನಲ್ಲಿ ಯಾವ ಕೆಲಸವೂ ಶುರುವಾಗುತ್ತಿಲ್ಲ. ಲಾಗ್‌ನಲ್ಲಿ ‘ತಪ್ಪು ಆರ್ಗ್ಯುಮೆಂಟ್’ ಅಂತ ಒಂದೇ ಸಾಲು, ಪ್ರತಿ ಕೆಲಸಕ್ಕೂ. ಎರರ್ ಸಂಖ್ಯೆ 22, ಇ-ಇನ್ವಾಲ್.

ಕರ್ನಲ್ ಯಾವುದು ಅಂತ ಕೇಳಿದಾಗ ಬಂದ ಉತ್ತರ 5.10. ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕರೆ ಬಂದದ್ದು 5.9ರಲ್ಲಿ, ಫ್ಲ್ಯಾಗ್ ಬಂದದ್ದು 5.11ರಲ್ಲಿ. ನಡುವೆ ಸಿಕ್ಕಿಬಿದ್ದದ್ದು 5.10. ಅದೇನು ಮೂಲೆಯ ಕರ್ನಲ್ಲೂ ಅಲ್ಲ. ಹಲವು ವರ್ಷ ಬೆಂಬಲ ಸಿಗುವ ಸಾಲಿನದು, ಡೆಬಿಯನ್ 11ರ ಜೊತೆ ಬಂದದ್ದೂ ಅದೇ. ಅಲ್ಲಿ ಕರೆ ಇದೆ, ಆದರೆ ನಾವು ಕೊಟ್ಟ ಫ್ಲ್ಯಾಗ್ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಫ್ಲ್ಯಾಗ್ ಕಂಡರೆ ಇ-ಇನ್ವಾಲ್ ಕೊಡುವುದು ಒಳ್ಳೆಯ ನಡತೆಯೇ. ನಮ್ಮ ಕೋಡ್ ಆ ಉತ್ತರವನ್ನು ‘ಪ್ರೋಗ್ರಾಮರ್ ತಪ್ಪು’ ಅಂತ ಓದಿಕೊಂಡಿತು.

ಅರ್ಧ ಬಂದ ಸೌಲಭ್ಯ ಪೂರ್ತಿ ಇಲ್ಲದ ಸೌಲಭ್ಯಕ್ಕಿಂತ ಜಾಸ್ತಿ ಕಾಡುತ್ತದೆ. ಪೂರ್ತಿ ಇಲ್ಲದಿದ್ದರೆ 38 ಬರುತ್ತದೆ, ಅದಕ್ಕೆ ಎಲ್ಲರೂ ತಯಾರಿರುತ್ತಾರೆ. ಅರ್ಧ ಇದ್ದರೆ 22 ಬರುತ್ತದೆ. ಆ 22ಕ್ಕೆ ನೂರು ಅರ್ಥ.

ಆ ಸಂಜೆಯೇ ಪ್ಯಾಚ್ ಹೊರಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಿತ್ತು ಆ ಪ್ಯಾಚ್: ಕ್ಲೋಸ್ ರೇಂಜ್ ಯಾವ ಎರರ್ ಕೊಟ್ಟರೂ ಹಳೆಯ ಲೂಪ್‌ಗೆ ಹೋಗು. ದೂರು ಕೊಟ್ಟವರ ಸರ್ವರ್ ಎದ್ದಿತು. ನಾವೂ ಎದ್ದು ಹೋದೆವು.

ಎರಡನೇ ಏಟು, ಎರರ್ ಇಲ್ಲದೆ

ಎರಡು ವಾರ ಕಳೆದು ಬಂದ ದೂರು ವಿಚಿತ್ರವಾಗಿತ್ತು. ಕಂಟೈನರ್ ಒಳಗೆ, ಅಂದರೆ ಉಳಿದದ್ದರಿಂದ ಬೇರ್ಪಡಿಸಿದ ಗೂಡಿನೊಳಗೆ, ನಮ್ಮ ಡೀಮನ್ ಶುರುವಾಗುತ್ತದೆ, ಒಂದು ಕೋರ್ ನೂರಕ್ಕೆ ನೂರು ಬ್ಯುಸಿ, ಕೆಲಸ ಮಾತ್ರ ಮೇಲೇಳುವುದಿಲ್ಲ. 30 ಸೆಕೆಂಡಿಗೆ ಹೆಲ್ತ್ ಚೆಕ್ ಸೋತು ಕಂಟೈನರ್ ಸಾಯುತ್ತದೆ, ಮತ್ತೆ ಹುಟ್ಟುತ್ತದೆ, ಮತ್ತೆ ಸಾಯುತ್ತದೆ. ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ನೋಡಲು ಏನೂ ಇಲ್ಲದ ಲಾಗ್ ಇದೆಯಲ್ಲ, ಅದರಷ್ಟು ಹೊಟ್ಟೆ ಉರಿಸುವುದು ಇನ್ನೊಂದಿಲ್ಲ.

ಹೆಲ್ತ್ ಚೆಕ್ ನಿಲ್ಲಿಸಿ, ಹೊರಗಿನಿಂದ ಆ ಚೈಲ್ಡ್‌ಗೆ ಸ್ಟ್ರೇಸ್ (ಪ್ರೋಗ್ರಾಮ್ ಮಾಡುವ ಸಿಸ್ಟಮ್ ಕಾಲ್‌ಗಳನ್ನು ಒಂದೊಂದಾಗಿ ತೋರಿಸುವ ಉಪಕರಣ) ಹಚ್ಚಿದೆವು. ತೆರೆಯ ಮೇಲೆ ಮಳೆ ಸುರಿದ ಹಾಗೆ ಸಾಲುಗಳು ಬಿದ್ದವು. ಕ್ಲೋಸ್ 48213377, ಉತ್ತರ ಮೈನಸ್ 1, ಇಂಥ ಡಿಸ್ಕ್ರಿಪ್ಟರ್ ಇಲ್ಲ. ಕ್ಲೋಸ್ 48213378, ಮೈನಸ್ 1, ಇಂಥದ್ದಿಲ್ಲ. ಕ್ಲೋಸ್ 48213379, ಅದೇ. ಪಕ್ಕದಲ್ಲಿದ್ದ ಸಹೋದ್ಯೋಗಿ ಮೆಲ್ಲಗೆ ಕೇಳಿದ: ‘ಇದು ಎಲ್ಲಿಯವರೆಗೆ ಹೋಗುತ್ತೆ?’

ಮಿತಿ ನೋಡಿದೆವು. 1073741816. ನೂರ ಏಳು ಕೋಟಿ ಚಿಲ್ಲರೆ.

ಈ ಸಂಖ್ಯೆಯ ಹಿಂದೆ ಒಂದು ಕಥೆಯಿದೆ. ಒಂದು ಪ್ರೊಸೆಸ್ ಗರಿಷ್ಠ ಎಷ್ಟು ಫೈಲ್ ತೆರೆಯಬಹುದು ಅನ್ನುವುದಕ್ಕೆ ಕರ್ನಲ್ ಇಟ್ಟಿದ್ದ ಮೂಲ ಮಿತಿ 1048576. 2018ರ ಡಿಸೆಂಬರ್‌ನಲ್ಲಿ ಬಂದ ಸಿಸ್ಟಮ್‌ಡಿ 240 (ಸರ್ವೀಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಮ್) ಆ ಮಿತಿಯನ್ನು ಆದಷ್ಟು ಮೇಲಕ್ಕೆ ಏರಿಸತೊಡಗಿತು. ಮೊದಲು 2147483640 ಕೇಳುತ್ತದೆ, ಕರ್ನಲ್ ಒಪ್ಪುವುದಿಲ್ಲ. ಅರ್ಧ ಮಾಡಿ, ಎಂಟರ ಮಗ್ಗಿಗೆ ಇಳಿಸಿ ಮತ್ತೆ ಕೇಳುತ್ತದೆ. ಆಗ ಸಿಗುವುದೇ 1073741816. ಸಾಮಾನ್ಯ ಸರ್ವೀಸ್‌ಗಳಿಗೆ ಇದರ ಬಿಸಿ ತಟ್ಟುವುದಿಲ್ಲ, ಅವಕ್ಕೆ ತಾವೇ ಏರಿಸಿಕೊಳ್ಳಬಹುದಾದ 1024ರ ಮೃದು ಮಿತಿಯೇ ಇರುತ್ತದೆ. ಆದರೆ ಬಹಳ ಕಾಲ ಕಂಟೈನರ್ ಸರ್ವೀಸ್‌ಗಳ ಯೂನಿಟ್ ಫೈಲ್‌ನಲ್ಲಿ ಫೈಲ್ ಮಿತಿ ‘ಇನ್ಫಿನಿಟಿ’ ಅಂತಲೇ ಬರೆದಿರುತ್ತಿತ್ತು. ಅಂಥ ಕಡೆ ಒಳಗಿನ ಎಲ್ಲರಿಗೂ ಈ ನೂರ ಏಳು ಕೋಟಿ ಬಳುವಳಿ.

ಒಂದು ಕ್ಲೋಸ್‌ಗೆ 100 ನ್ಯಾನೋಸೆಕೆಂಡ್ ಅಂತ ಹಿಡಿಯಿರಿ. ಮಿತಿ 1048576 ಇದ್ದಾಗ ಪೂರ್ತಿ ಲೂಪ್‌ಗೆ ಸೆಕೆಂಡಿನ ಹತ್ತನೇ ಒಂದು ಭಾಗ. ಯಾರ ಕಣ್ಣಿಗೂ ಬೀಳದು. 1073741816 ಇದ್ದರೆ 107 ಸೆಕೆಂಡ್. ಅದೇ ಕೋಡ್, ಒಂದಕ್ಷರ ಬದಲಾಗಿಲ್ಲ. ಇದರಲ್ಲಿ ಕೈ ಸುಟ್ಟುಕೊಂಡವರು ನಾವೇ ಮೊದಲಲ್ಲ. ಇದೇ ಲೂಪ್ ಇಟ್ಟುಕೊಂಡಿದ್ದ ಎಷ್ಟೋ ಹಳೆಯ ಪ್ರೋಗ್ರಾಮ್‌ಗಳು ಕಂಟೈನರ್‌ನಲ್ಲಿ ಹೀಗೇ ನಿಂತುಹೋಗಿದ್ದವು. ನಮಗದು ಗೊತ್ತಿರಬೇಕಿತ್ತು.

ಆದರೆ ನಿಜವಾದ ಪ್ರಶ್ನೆ ಬೇರೆ. ಆ ಯಂತ್ರದ ಕರ್ನಲ್ 5.15. ಅಲ್ಲಿ ಕ್ಲೋಸ್ ರೇಂಜೂ ಇದೆ, ಫ್ಲ್ಯಾಗೂ ಇದೆ. ಲೂಪ್‌ಗೆ ಹೋದದ್ದಾದರೂ ಯಾಕೆ?

ಸ್ಟ್ರೇಸ್‌ನ ಮೊದಲ ಸಾಲುಗಳಿಗೆ ಹೋದಾಗ ಉತ್ತರ ಸಿಕ್ಕಿತು. ಕ್ಲೋಸ್ ರೇಂಜ್‌ಗೆ ಬಂದದ್ದು ಇ-ಪರ್ಮ್, 1ನೇ ಎರರ್, ‘ನಿನಗೆ ಅನುಮತಿಯಿಲ್ಲ’. ನಮ್ಮದೇ ಫೈಲ್‌ಗಳನ್ನು ಮುಚ್ಚಲು ಅನುಮತಿಯೇ? ಉತ್ತರ ಕೊಟ್ಟದ್ದು ಕ್ಲೋಸ್ ರೇಂಜ್ ಅಲ್ಲ, ಯಾವ ಸಿಸ್ಟಮ್ ಕಾಲ್ ಬಿಡಬೇಕು, ಯಾವುದು ಬೇಡ ಅಂತ ತೀರ್ಮಾನಿಸಲು ಅದರ ಬಾಗಿಲಲ್ಲಿ ನಿಂತ ಸೆಕ್‌ಕಾಂಪ್ ಫಿಲ್ಟರ್. ಆ ಕಂಟೈನರನ್ನು ಓಡಿಸುವ ಪ್ರೋಗ್ರಾಮ್, ಅಂದರೆ ರನ್‌ಟೈಮ್, ಹಳೆಯದು. ಅದರ ಫಿಲ್ಟರ್ ಪಟ್ಟಿ ಬರೆದ ಕಾಲಕ್ಕೆ 436 ಅನ್ನುವ ಸಂಖ್ಯೆಯೇ ಹುಟ್ಟಿರಲಿಲ್ಲ. ಪಟ್ಟಿಯಲ್ಲಿ ಇಲ್ಲದವರಿಗೆಲ್ಲ ಇ-ಪರ್ಮ್ ಕೊಡು ಅಂತ ಅದಕ್ಕೆ ಹೇಳಿಟ್ಟಿದ್ದರು, ಅದು ಹಾಗೇ ಮಾಡಿತು.

‘ಇಲ್ಲ’ಗಳು ಎಷ್ಟು ಬಗೆ

ಈ ಹಂತದಲ್ಲಿ ಕೋಡ್ ಬಿಟ್ಟು ಬೋರ್ಡ್ ಮುಂದೆ ನಿಂತೆವು. ಇದು ನಾವು ಮೊದಲೇ ಮಾಡಬೇಕಿದ್ದ ಕೆಲಸ.

ಯಾರೋ ಮೊದಲಿಗೆ ಹೇಳಿದರು, ಸುಮ್ನೆ ಕರ್ನಲ್ ಆವೃತ್ತಿ ನೋಡಿ ತೀರ್ಮಾನ ಮಾಡಿಬಿಡೋಣ, 5.11 ಇದ್ದರೆ ಹೊಸದು, ಇಲ್ಲದಿದ್ದರೆ ಹಳೆಯದು. ಕೇಳಲು ಚೆನ್ನ. ಆದರೆ ಈಗಷ್ಟೇ ನೋಡಿದ್ದೇ ಅದಕ್ಕೆ ಅಡ್ಡ ಬಂತು: 5.15 ಅಂತ ಹೇಳಿಕೊಳ್ಳುವ ಯಂತ್ರದಲ್ಲೇ ಕರೆ ಬಂದ್ ಆಗಿತ್ತು. ಉಲ್ಟಾ ಕೂಡ ಆಗುತ್ತದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಕರ್ನಲ್ 4.18 ಅಂತ ಹೇಳಿಕೊಂಡರೂ, ಎಷ್ಟೋ ಮುಂದಿನ ಆವೃತ್ತಿಗಳ ಸೌಲಭ್ಯಗಳನ್ನು ಹಿಂದಕ್ಕೆ ತಂದು ಅದಕ್ಕೆ ಸೇರಿಸಿರುತ್ತಾರೆ. ಆವೃತ್ತಿ ಸಂಖ್ಯೆಯನ್ನು ನಂಬಿ ಕೆಟ್ಟ ಕಥೆ ಹಳೆಯದೇ. 2011ರಲ್ಲಿ 2.6.39 ಆದ ಮೇಲೆ ಲಿನಕ್ಸ್ ನೇರ 3.0ಕ್ಕೆ ಹಾರಿದಾಗ, ‘2.6’ ಅಂತಲೇ ಶುರುವಾಗುತ್ತದೆ ಅಂದುಕೊಂಡಿದ್ದ ಪ್ರೋಗ್ರಾಮ್‌ಗಳು ಮುರಿದವು. ಅವಕ್ಕೋಸ್ಕರ 3.0 ಅನ್ನು 2.6.40 ಅಂತ ಸುಳ್ಳು ಹೇಳುವ ಒಂದು ವ್ಯವಸ್ಥೆಯನ್ನೇ ಕರ್ನಲ್ ಒಳಗೆ ಹಾಕಬೇಕಾಯಿತು. ಕೇಳಬೇಕಾದ್ದು ‘ನಿನ್ನ ವಯಸ್ಸೆಷ್ಟು’ ಅಂತಲ್ಲ, ‘ಈ ಕೆಲಸ ನಿನಗೆ ಬರುತ್ತಾ’ ಅಂತ.

ಹಾಗಾದರೆ ಕೇಳುವುದು ಹೇಗೆ? ಕ್ಲೋಸ್ ರೇಂಜ್‌ಗೆ ಒಂದು ಚೊಕ್ಕ ಉಪಾಯವಿದೆ. ಶುರು 1, ಕೊನೆ 0 ಅಂತ ಉಲ್ಟಾ ಕೊಡಿ. ಕರೆ ನಿಜವಾಗಿ ಇದ್ದರೆ ‘ಶುರು ಕೊನೆಗಿಂತ ದೊಡ್ಡದು’ ಅಂತ ಇ-ಇನ್ವಾಲ್ ಬರುತ್ತದೆ, ಒಂದು ಫೈಲೂ ಮುಚ್ಚುವುದಿಲ್ಲ. ಕರ್ನಲ್‌ನಲ್ಲಿ ಇಲ್ಲದಿದ್ದರೆ ಇ-ನೋಸಿಸ್. ಫಿಲ್ಟರ್ ತಡೆದರೆ ಇ-ಪರ್ಮ್. ಅಂದರೆ ಇಲ್ಲಿ ಇ-ಇನ್ವಾಲ್ ಬಂತೆಂದರೆ ಸಂತೋಷ! ಕೋಡ್ ಓದುವ ಹೊಸಬರು ಇಲ್ಲಿ ಗ್ಯಾರಂಟಿ ಗೊಂದಲಕ್ಕೆ ಬೀಳುತ್ತಾರೆ ಅಂತ ಆ ಸಾಲಿನ ಮೇಲೆ ಉದ್ದನೆಯ ಕಾಮೆಂಟ್ ಹಾಕಿದ್ದೇವೆ.

ಇ-ಪರ್ಮ್ ಬಗ್ಗೆ ವಾದ ಜೋರಾಗಿಯೇ ನಡೆಯಿತು. ಅದನ್ನು ‘ಇಲ್ಲ’ ಅಂತ ಓದಬಹುದಾ? ಈ ಜಗಳ ನಮ್ಮ ಬೋರ್ಡ್‌ಗಿಂತ ದೊಡ್ಡ ಜಾಗಗಳಲ್ಲಿ ಆಗಿದೆ. 2021ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.34 (ಲಿನಕ್ಸ್‌ನ ಸಿ ಪ್ರೋಗ್ರಾಮ್‌ಗಳ ಮೂಲ ಲೈಬ್ರರಿ), ಹೊಸ ಥ್ರೆಡ್ (ಒಂದೇ ಪ್ರೊಸೆಸ್ ಒಳಗೆ ಜೊತೆಜೊತೆಗೆ ಓಡುವ ಎಳೆ) ಹುಟ್ಟಿಸಲು ಕ್ಲೋನ್3 ಅನ್ನುವ ಕರೆಯನ್ನು ಮೊದಲು ಪ್ರಯತ್ನಿಸತೊಡಗಿತು. ಇ-ನೋಸಿಸ್ ಬಂದರೆ ಹಳೆಯ ಕ್ಲೋನ್‌ಗೆ ಇಳಿಯುತ್ತದೆ. ಆದರೆ ಆಗ ಕಂಟೈನರ್ ಓಡಿಸುವ ಡಾಕರ್‌ನ ಮೂಲ ಫಿಲ್ಟರ್ ಕ್ಲೋನ್3ಕ್ಕೆ ಇ-ಪರ್ಮ್ ಕೊಡುತ್ತಿತ್ತು. ಹೊಸ ಜಿಲಿಬ್‌ಸಿ ಇರುವ ಕಂಟೈನರ್‌ಗಳಲ್ಲಿ ಥ್ರೆಡ್ಡೇ ಹುಟ್ಟದಂತಾಯಿತು. ಇ-ಪರ್ಮ್‌ಗೂ ಕೆಳಗಿಳಿಯಿರಿ ಅಂದರೆ ಜಿಲಿಬ್‌ಸಿಯವರು ಒಪ್ಪಲಿಲ್ಲ: ತಪ್ಪು ಉತ್ತರ ಕೊಡುತ್ತಿರುವುದು ಫಿಲ್ಟರ್, ಅದನ್ನು ಸರಿಮಾಡಿ. ಕೊನೆಗೆ ಡಾಕರ್ 20.10.10ರಲ್ಲಿ ಕ್ಲೋನ್3ಕ್ಕೆ ಇ-ನೋಸಿಸ್ ಕೊಡುವ ಹಾಗೆ ಬದಲಾಯಿತು. ಅದಕ್ಕೂ ಮುಂಚೆ, 2021ರ ಆರಂಭದಲ್ಲೇ, ಡಾಕರ್ ಬಳಸುವ ರನ್‌ಟೈಮ್ ಆದ ರನ್‌ಸಿ 1.0.0-ಆರ್‌ಸಿ93 ತನ್ನ ಪಟ್ಟಿಗಿಂತ ಹೊಸದಾದ ಕರೆಗಳಿಗೆಲ್ಲ ಇ-ನೋಸಿಸ್ ಕೊಡಲು ಶುರು ಮಾಡಿತ್ತು.

ಜಿಲಿಬ್‌ಸಿಯವರ ವಾದ ನನಗೆ ಸರಿ ಅನ್ನಿಸುತ್ತದೆ, ಅವರ ಜಾಗದಲ್ಲಿ. ಕ್ಲೋನ್‌ನಂಥ ಕರೆಗೆ ಇ-ಪರ್ಮ್ ನಿಜವಾದ ಉತ್ತರವೂ ಆಗಿರಬಹುದು. ಅಲ್ಲಿ ‘ಬೇಡ’ ಅನ್ನುವುದನ್ನು ‘ಇಲ್ಲ’ ಅಂತ ಓದಿ ಹಿಂಬಾಗಿಲಿಂದ ನುಗ್ಗುವುದು ಸರಿಯಲ್ಲ. ಆದರೆ ಕ್ಲೋಸ್ ರೇಂಜ್ ತಾನಾಗಿ ಇ-ಪರ್ಮ್ ಕೊಡುವುದೇ ಇಲ್ಲ. ಅದರ ಮ್ಯಾನ್ ಪುಟದಲ್ಲಿ ಆ ಎರರ್ ಇಲ್ಲ. ಬಂತೆಂದರೆ ಅದು ಫಿಲ್ಟರ್‌ನದ್ದೇ. ಫೈಲ್ ಮುಚ್ಚುವುದು ಯಾರ ಹಕ್ಕನ್ನೂ ಮೀರುವ ಕೆಲಸವೂ ಅಲ್ಲ, ಫಿಲ್ಟರ್ ಸಾಮಾನ್ಯ ಕ್ಲೋಸ್‌ಗೆ ಹೇಗೂ ಬಿಟ್ಟಿದೆ. ಆದ್ದರಿಂದ ಈ ಒಂದು ಕರೆಗೆ ಮಾತ್ರ ಇ-ಪರ್ಮ್ ಅಂದರೆ ‘ಇಲ್ಲ’ ಅಂತ ನಿಗದಿ ಮಾಡಿದೆವು. ಎಲ್ಲ ಕರೆಗೂ ಒಂದೇ ನಿಯಮ ಮಾಡಲಿಲ್ಲ.

ನಮ್ಮ ಡೀಮನ್‌ನಲ್ಲೇ ಇದಕ್ಕೆ ವಿರುದ್ಧದ ಉದಾಹರಣೆ ಇದೆ. ಲಾಗ್ ಫೈಲ್ ತೆರೆಯುವಾಗ ಓಪನ್‌ಎಟ್2 ಬಳಸುತ್ತೇವೆ, 2020ರಲ್ಲಿ 5.6ರ ಜೊತೆ ಬಂದದ್ದು. ಕೊಟ್ಟ ಡೈರೆಕ್ಟರಿಯಿಂದ ಆಚೆಗೆ ದಾರಿ ಹೋಗದ ಹಾಗೆ ನೋಡಿಕೋ ಅಂತ ಅದಕ್ಕೆ ಹೇಳಬಹುದು. ಅದಿಲ್ಲ ಅಂತ ಸಾದಾ ಓಪನ್‌ಎಟ್‌ಗೆ ಇಳಿದರೆ ಫೈಲ್ ತೆರೆಯುತ್ತದೆ, ಕಾವಲು ಮಾತ್ರ ಸದ್ದಿಲ್ಲದೆ ಮಾಯ. ಅಲ್ಲಿ ನಾವು ಕೆಳಗಿಳಿಯುವುದಿಲ್ಲ. ಲಾಗ್ ತೆರೆಯಲಾಗಲಿಲ್ಲ ಅಂತ ಹೇಳಿ ನಿಲ್ಲುತ್ತೇವೆ.

ಇನ್ನೊಂದು ಬಗೆಯ ‘ಇಲ್ಲ’ ಇದೆ, ‘ಹೂಂ’ ಅಂತ ಹೇಳಿ ಮಾಡದೇ ಇರುವುದು. ಹಳೆಯ ಓಪನ್ ಕರೆಗೆ ಗೊತ್ತಿಲ್ಲದ ಫ್ಲ್ಯಾಗ್ ಕೊಟ್ಟರೆ ಅದು ತುಟಿಪಿಟಕ್ ಅನ್ನದೆ ಮುಂದೆ ಹೋಗುತ್ತದೆ. 3.11ರಲ್ಲಿ ಹೆಸರಿಲ್ಲದ ತಾತ್ಕಾಲಿಕ ಫೈಲ್‌ಗೆ ಒಂದು ಫ್ಲ್ಯಾಗ್ ಸೇರಿಸುವಾಗ, ಅದರೊಳಗೆ ‘ಇದು ಡೈರೆಕ್ಟರಿ’ ಅನ್ನುವ ಬಿಟ್ಟನ್ನೂ ಬೇಕೆಂದೇ ಸೇರಿಸಿದರು. ಹಳೆಯ ಕರ್ನಲ್‌ಗೆ ಅದು ‘ಡೈರೆಕ್ಟರಿಯನ್ನು ಬರೆಯಲು ತೆರೆ’ ಅಂತ ಕೇಳಿಸಿ ಎರರ್ ಕೊಡುತ್ತದೆ, ಪ್ರೋಗ್ರಾಮ್‌ಗೆ ಗೊತ್ತಾಗುತ್ತದೆ. ನನಗೆ ಬಹಳ ಇಷ್ಟವಾದ ತಂತ್ರ ಅದು.

ಪೊರಕೆ ಮತ್ತೆ ಕಟ್ಟಿದ್ದು

ಹೊಸದಾಗಿ ಬರೆಯಲು ಕೂತಾಗ ಮೊದಲು ಸಿಕ್ಕಿದ ಪಾಠ ಸ್ವಲ್ಪ ನಾಚಿಕೆಯದ್ದು. 5.11ರ ಆ ಫ್ಲ್ಯಾಗ್ ನಮಗೆ ಬೇಕಾಗಿಯೇ ಇರಲಿಲ್ಲ. ಎರರ್ ಪೈಪನ್ನು ಚೈಲ್ಡ್‌ನಲ್ಲಿ 3ನೇ ಸಂಖ್ಯೆಗೆ ತಂದು ಕೂರಿಸಿ, 4ರಿಂದ ಮೇಲಿನದ್ದನ್ನೆಲ್ಲ ಮುಚ್ಚಿದರೆ ಮುಗಿಯಿತು. ಬರೀ 5.9ರ ಕರೆ ಸಾಕು. ಅರ್ಧ ಸೌಲಭ್ಯದ ತಲೆನೋವು, 22ರ ಗೊಂದಲ, ಎರಡೂ ಒಟ್ಟಿಗೇ ಹೋದವು.

ಪೂರ್ತಿ ಹೋದವಾ? ಇಲ್ಲ. ಪೈಪನ್ನು 3ಕ್ಕೆ ತರಲು ಡಪ್3 (ಒಂದು ಡಿಸ್ಕ್ರಿಪ್ಟರನ್ನು ಬೇರೆ ಸಂಖ್ಯೆಗೆ ನಕಲು ಮಾಡುವ ಕರೆ) ಬಳಸಿದೆವು. ಟೆಸ್ಟ್‌ಗಳು ಸೋತವು, ನಿಜವಾದ ಸರ್ವರ್‌ನಲ್ಲಿ ಮಾತ್ರ ಎಲ್ಲ ಸರಿ. ಎರರ್ ಮತ್ತದೇ 22! ಟೆಸ್ಟೇ ಕೆಟ್ಟಿರಬೇಕು ಅಂತ ಅರ್ಧ ದಿನ ಹೋಯಿತು. ವಿಷಯ ಇಷ್ಟೇ: ಟೆಸ್ಟ್‌ನಲ್ಲಿ ಚೈಲ್ಡ್ ಬಳಸುವ ಪೈಪಿನ ತುದಿ ಹುಟ್ಟುವಾಗಲೇ 3ನೇ ಸಂಖ್ಯೆಯಲ್ಲಿ ಹುಟ್ಟುತ್ತದೆ. ಡಪ್2 ಆದರೆ ‘3ನ್ನು 3ಕ್ಕೆ’ ಅಂದರೆ ಸುಮ್ಮನೆ ಸರಿ ಅನ್ನುತ್ತದೆ. ಡಪ್3 ಹಾಗಲ್ಲ, ಎರಡೂ ಒಂದೇ ಆದರೆ ಇ-ಇನ್ವಾಲ್. ಆಗಲೇ 3ರಲ್ಲಿ ಇದ್ದರೆ ಮುಟ್ಟಬೇಡ ಅಂತ ಒಂದು ಸಾಲು ಸೇರಿಸಿದೆವು.

ಕ್ಲೋಸ್ ರೇಂಜ್ ಇಲ್ಲದಿದ್ದರೆ ಎರಡನೇ ದಾರಿ ಪ್ರಾಕ್, ಅಂದರೆ ಓಡುತ್ತಿರುವ ಪ್ರೊಸೆಸ್‌ಗಳ ವಿವರವನ್ನು ಕರ್ನಲ್ ಫೈಲ್‌ಗಳ ರೂಪದಲ್ಲಿ ತೋರಿಸುವ ಜಾಗ. ‘ಪ್ರಾಕ್/ಸೆಲ್ಫ್/ಎಫ್‌ಡಿ’ ಡೈರೆಕ್ಟರಿಯಲ್ಲಿ ಈಗ ನಿಜವಾಗಿ ತೆರೆದಿರುವ ಸಂಖ್ಯೆಗಳು ಮಾತ್ರ ಕಾಣುತ್ತವೆ. ಇಪ್ಪತ್ತು ತೆರೆದಿದ್ದರೆ ಇಪ್ಪತ್ತು ಕ್ಲೋಸ್. ಮಿತಿ ನೂರು ಕೋಟಿ ಇದ್ದರೂ ಚಿಂತೆಯಿಲ್ಲ. ಇಲ್ಲೂ ಒಂದು ಗುಂಡಿ ಕಾದಿತ್ತು. ನಮ್ಮ ಡೀಮನ್‌ನಲ್ಲಿ ಲಾಗ್ ಬರೆಯುವ ಬೇರೆ ಥ್ರೆಡ್ ಇದೆ. ಫೋರ್ಕ್ ಆದಾಗ ಚೈಲ್ಡ್‌ಗೆ ಬರುವುದು ಫೋರ್ಕ್ ಕರೆದ ಥ್ರೆಡ್ ಒಂದೇ. ಅದೇ ಕ್ಷಣಕ್ಕೆ ಲಾಗ್ ಥ್ರೆಡ್ ಮೆಮೊರಿ ಹಂಚುವ ಬೀಗ ಹಿಡಿದಿದ್ದರೆ, ಆ ಬೀಗ ಚೈಲ್ಡ್‌ನಲ್ಲಿ ಹಾಕಿದ ಹಾಗೇ ಉಳಿಯುತ್ತದೆ, ತೆಗೆಯುವವನು ಇರುವುದಿಲ್ಲ. ಡೈರೆಕ್ಟರಿ ಓದುವ ಮಾಮೂಲಿ ಫಂಕ್ಷನ್ ಒಳಗೊಳಗೇ ಮೆಮೊರಿ ಕೇಳುತ್ತದೆ. ಟೆಸ್ಟ್‌ನಲ್ಲಿ ಒಂದೇ ಒಂದು ಸಲ ಚೈಲ್ಡ್ ಹಾಗೆ ಕಲ್ಲಾಗಿ ನಿಂತಿತು. ಒಂದು ಸಲ ಸಾಕಾಯಿತು. ಗೆಟ್‌ಡೆಂಟ್ಸ್64 ಅನ್ನುವ, ಡೈರೆಕ್ಟರಿ ಓದುವ ಸಿಸ್ಟಮ್ ಕಾಲನ್ನು ನೇರವಾಗಿ ಕರೆದು, ಸ್ಟ್ಯಾಕ್ ಮೇಲಿನ ಬಫರ್‌ಗೆ ಓದಿ, ಹೆಸರಿನಿಂದ ಸಂಖ್ಯೆ ಮಾಡುವ ನಾಲ್ಕು ಸಾಲನ್ನೂ ಕೈಯಾರೆ ಬರೆದೆವು. ಪೈಥಾನ್‌ನ ಸಬ್‌ಪ್ರೊಸೆಸ್ ಒಳಗೂ ಇದೇ ಕಾರಣಕ್ಕೆ ಗೆಟ್‌ಡೆಂಟ್ಸ್64 ಅನ್ನು ನೇರ ಕರೆಯುತ್ತಾರೆ. ಓದುತ್ತಿರುವ ಡೈರೆಕ್ಟರಿಯ ಸಂಖ್ಯೆಯೂ ಆ ಪಟ್ಟಿಯಲ್ಲಿ ಬರುತ್ತದೆ, ಅದನ್ನು ಕೊನೆಗೆ ಮುಚ್ಚಬೇಕು. ನಾವೇ ಕೂತ ಕೊಂಬೆ ಅದು.

ಪ್ರಾಕೂ ಇಲ್ಲದಿದ್ದರೆ? ಎಲ್ಲಿ ಇರುವುದಿಲ್ಲ ಅಂತ ಹುಡುಕಿದಾಗ ಅರ್ಧ ತಪ್ಪು ನಮ್ಮದೇ ಅಂತ ತಿಳಿಯಿತು. ನಮ್ಮ ಚೈಲ್ಡ್ ಮೊದಲು ಕ್ರೂಟ್ ಮಾಡಿ, ಅಂದರೆ ಒಂದು ಡೈರೆಕ್ಟರಿಯ ಆಚೆಗೆ ಏನೂ ಕಾಣದ ಹಾಗೆ ಅದರೊಳಗೇ ಸೇರಿಕೊಂಡು, ಆಮೇಲೆ ಫೈಲ್ ಮುಚ್ಚುತ್ತಿತ್ತು. ಕ್ರೂಟ್ ಒಳಗೆ ಪ್ರಾಕ್ ಮೌಂಟ್ ಆಗಿರುವುದು ಅಪರೂಪ. ಆ ಎರಡು ಸಾಲುಗಳ ಕ್ರಮ ಹಿಂದೆ ಮುಂದೆ ಮಾಡಿದೆವು, ಅಷ್ಟೇ.

ಇಷ್ಟಾದ ಮೇಲೂ ಪ್ರಾಕ್ ಇಲ್ಲದ ಯಂತ್ರ ಇರಬಹುದು. ಜಿಲಿಬ್‌ಸಿಯ ಕ್ಲೋಸ್‌ಫ್ರಮ್ ಫಂಕ್ಷನ್ ಇಂಥ ಸಂದರ್ಭದಲ್ಲಿ ಪ್ರೊಸೆಸ್ಸನ್ನೇ ಕೊಂದುಬಿಡುತ್ತದೆ. ಮೊದಲು ಅತಿಯಾಯಿತು ಅನ್ನಿಸಿತ್ತು, ಈಗ ಹಾಗನ್ನಿಸುವುದಿಲ್ಲ. ಯಾಕೆಂದರೆ ಹಳೆಯ ಲೂಪ್ ನಿಧಾನ ಮಾತ್ರವಲ್ಲ, ಅದನ್ನು ಪೂರ್ತಿ ನಂಬುವ ಹಾಗೂ ಇಲ್ಲ. 5000ನೇ ಸಂಖ್ಯೆಯಲ್ಲಿ ಒಂದು ಫೈಲ್ ತೆರೆದು, ಆಮೇಲೆ ಮಿತಿಯನ್ನು 1024ಕ್ಕೆ ಇಳಿಸಿದರೆ ಆ ಫೈಲ್ ತೆರೆದೇ ಇರುತ್ತದೆ. ಲೂಪ್ 1024ಕ್ಕೆ ನಿಂತು ಕೈ ತೊಳೆದುಕೊಳ್ಳುತ್ತದೆ. ಆದ್ದರಿಂದ ಹೀಗೆ ತೀರ್ಮಾನಿಸಿದೆವು: ಕೆಲಸ ಬೇರೆ ಬಳಕೆದಾರನ ಹೆಸರಲ್ಲಿ ಓಡಬೇಕಿದ್ದರೆ, ಎರಡೂ ದಾರಿ ಮುಚ್ಚಿದ್ದಾಗ ಶುರು ಮಾಡುವುದಿಲ್ಲ, ಕಾರಣ ಬರೆದು ನಿಲ್ಲುತ್ತೇವೆ. ಅದೇ ಬಳಕೆದಾರನಾದರೆ, ಮಿತಿ 1048576 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಲೂಪ್. ಮೇಲಿದ್ದರೆ ಅಲ್ಲೂ ನಿರಾಕರಣೆ. ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಸುತ್ತುವುದಕ್ಕಿಂತ ‘ಆಗಲ್ಲ’ ಅನ್ನುವುದು ಮೇಲು. ಈ ಕೊನೆಯ ತುಂಡಿಗೆ ತಂಡದಲ್ಲಿ ಎಲ್ಲರ ಒಪ್ಪಿಗೆಯಿಲ್ಲ. ಸೋರುವ ಸಾಕೆಟ್‌ನಿಂದ ಆಗುವ ತೊಂದರೆಗಿಂತ ಕೆಲಸವೇ ಶುರುವಾಗದ ತೊಂದರೆ ದೊಡ್ಡದು ಅನ್ನುವವರಿದ್ದಾರೆ. ಅವರ ಮಾತಲ್ಲೂ ಹುರುಳಿದೆ.

ಯಾವ ದಾರಿ ಅನ್ನುವುದನ್ನು ಪೇರೆಂಟ್ ಶುರುವಿನಲ್ಲೇ ಆ ‘1, 0’ ಉಪಾಯದಿಂದ ತಿಳಿದುಕೊಂಡು ನೆನಪಿಟ್ಟುಕೊಳ್ಳುತ್ತದೆ. ಹಾಗಂತ ಚೈಲ್ಡ್ ಅದನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಕೆಲವು ಕೆಲಸಗಳಿಗೆ ಚೈಲ್ಡ್ ತನ್ನ ಮೇಲೆ ತಾನೇ ಫಿಲ್ಟರ್ ಹಾಕಿಕೊಳ್ಳುತ್ತದೆ, ಪೇರೆಂಟ್‌ಗೆ ಇದ್ದದ್ದು ಅದಕ್ಕೆ ಇಲ್ಲದೆ ಹೋಗಬಹುದು. ಕರೆ ಸೋತರೆ ಅಲ್ಲೇ ಮುಂದಿನ ದಾರಿಗೆ ಇಳಿಯುತ್ತದೆ.

ಬಿಲ್ಡ್ ಬಗ್ಗೆ ಒಂದು ಮಾತು. ಮೊದಲ ಕೋಡ್‌ನಲ್ಲಿ, ಬಿಲ್ಡ್ ಯಂತ್ರದ ಹೆಡರ್‌ನಲ್ಲಿ (ಕರೆಗಳ ಹೆಸರು, ಸಂಖ್ಯೆ ಬರೆದಿರುವ ಫೈಲ್) ಕ್ಲೋಸ್ ರೇಂಜ್ ಹೆಸರು ಇದ್ದರೆ ಮಾತ್ರ ಅದನ್ನು ಸೇರಿಸು ಅಂತ ಇತ್ತು. ನಮ್ಮ ಬಿಲ್ಡ್ ಯಂತ್ರ ಹಳೆಯದಾಗಿದ್ದರೆ ಹೊಸ ಕರ್ನಲ್ ಮೇಲೂ ಆ ಬೈನರಿ ಎಂದೂ ಹೊಸ ಕರೆ ಕೇಳುತ್ತಿರಲಿಲ್ಲ. ಬಿಲ್ಡ್ ಮಾಡುವ ಯಂತ್ರಕ್ಕೂ ಓಡುವ ಯಂತ್ರಕ್ಕೂ ಏನು ನಂಟು? ಈಗ ಹೆಡರ್‌ನಲ್ಲಿ ಇಲ್ಲದಿದ್ದರೆ 436 ಅಂತ ನಾವೇ ಬರೆದುಕೊಳ್ಳುತ್ತೇವೆ. ಈ ಕಾಲದ ಕರೆಗಳಿಗೆ ಆಲ್ಫಾ, ಮಿಪ್ಸ್‌ನಂಥ ಕೆಲವನ್ನು ಬಿಟ್ಟು ಹೆಚ್ಚಿನ ಪ್ರೊಸೆಸರ್‌ಗಳಲ್ಲಿ ಒಂದೇ ಸಂಖ್ಯೆ ಇರುವುದರಿಂದ ಅದು ಸುಲಭವಾಯಿತು.

ಇಲ್ಲದ್ದನ್ನು ಟೆಸ್ಟ್ ಮಾಡುವುದು

ಹಳೆಯ ದಾರಿಗಳ ದೊಡ್ಡ ಕಾಯಿಲೆ ಅಂದರೆ ಅವು ನಮ್ಮ ಯಂತ್ರದಲ್ಲಿ ಎಂದೂ ಓಡುವುದಿಲ್ಲ. ಬರೆದವರ ಮೇಜಿನ ಮೇಲೆ ಯಾವಾಗಲೂ ಹೊಸ ಕರ್ನಲ್. ಇದಕ್ಕೆ ಸ್ಟ್ರೇಸ್‌ನ ಇಂಜೆಕ್ಟ್ ಸೌಲಭ್ಯ ಚೆನ್ನಾಗಿ ಒದಗಿತು. ‘ಕ್ಲೋಸ್ ರೇಂಜ್ ಕರೆದಾಗ ಇ-ನೋಸಿಸ್ ಕೊಡು’ ಅಂತ ಹೇಳಿದರೆ, ಕರ್ನಲ್ ಎಷ್ಟೇ ಹೊಸದಿರಲಿ, ಪ್ರೋಗ್ರಾಮ್‌ಗೆ ಆ ಉತ್ತರವೇ ಸಿಗುತ್ತದೆ. ಚೈಲ್ಡ್‌ಗಳನ್ನೂ ಹಿಂಬಾಲಿಸು ಅನ್ನುವ ಆಯ್ಕೆ ಹಾಕಲು ಮರೆಯಬಾರದು. ನಾವು ಮರೆತು, ಮೊದಲ ದಿನ ಎಲ್ಲ ಟೆಸ್ಟ್ ಹಸಿರು ಅಂತ ಖುಷಿಪಟ್ಟೆವು. ಫೋರ್ಕ್ ಆದ ಮೇಲಿನ ಕರೆಗಳನ್ನು ಅದು ಮುಟ್ಟಿರಲೇ ಇಲ್ಲ.

ಈಗ ಪ್ರತಿ ಬಿಲ್ಡ್‌ನಲ್ಲೂ 38, 1, 22 ಮೂರೂ ಎರರ್‌ಗಳನ್ನು ತೂರಿಸಿ ನೋಡುತ್ತೇವೆ. ಪ್ರತಿಯೊಂದನ್ನೂ ಪ್ರಾಕ್ ಇರುವ ಮತ್ತು ಇಲ್ಲದ ಜಾಗದಲ್ಲಿ ಓಡಿಸುತ್ತೇವೆ. ಟೆಸ್ಟ್ ಕೊನೆಯಲ್ಲಿ ಚೈಲ್ಡ್ ತನ್ನಲ್ಲಿ ತೆರೆದಿರುವುದನ್ನು ಎಣಿಸಿ ಹೇಳಬೇಕು, ಮತ್ತು ಒಂದು ಸೆಕೆಂಡಿನೊಳಗೆ ಶುರುವಾಗಿರಬೇಕು. ಆ ಎರಡನೇ ಷರತ್ತು ಹಿಂದೆ ಇದ್ದಿದ್ದರೆ, ಮಿತಿ ಏರಿಸಿದ ಒಂದೇ ಒಂದು ಟೆಸ್ಟ್ ಆ ನೂರ ಏಳು ಕೋಟಿಯನ್ನು ಮೊದಲ ದಿನವೇ ಹಿಡಿಯುತ್ತಿತ್ತು. ಇದಲ್ಲದೆ 5.10 ಹಾಕಿದ ಒಂದು ವರ್ಚುವಲ್ ಯಂತ್ರವೂ ಇದೆ, ರಾತ್ರಿ ಒಮ್ಮೆ ಓಡುತ್ತದೆ.

ಲಾಗ್ ವಿಚಾರದಲ್ಲೂ ಒಮ್ಮೆ ಎಡವಿದೆವು. ಕೆಳಗಿನ ದಾರಿಗೆ ಇಳಿದಾಗಲೆಲ್ಲ ಎಚ್ಚರಿಕೆ ಬರೆಯುತ್ತಿದ್ದೆವು. ನಿಮಿಷಕ್ಕೊಂದು ಕೆಲಸ ಶುರು ಮಾಡುವ ಯಂತ್ರದಲ್ಲಿ ದಿನಕ್ಕೆ 1440 ಎಚ್ಚರಿಕೆ. ಯಾರು ಓದುತ್ತಾರೆ? ಈಗ ಶುರುವಿನಲ್ಲಿ ಒಂದು ಸಾಲು, ಮತ್ತೆ ಸ್ಟೇಟಸ್ ಕಮಾಂಡ್‌ನಲ್ಲಿ ಒಂದು ಸಾಲು: ‘ಮುಚ್ಚುವ ದಾರಿ: ಪ್ರಾಕ್. ಕಾರಣ: ಕ್ಲೋಸ್ ರೇಂಜ್‌ಗೆ ಇ-ಪರ್ಮ್, ಸೆಕ್‌ಕಾಂಪ್ ಇರಬಹುದು.’

ಆ ‘ಇರಬಹುದು’ ತೆಗೆಯಿರಿ, ಬಳಕೆದಾರರು ಹೆದರುತ್ತಾರೆ ಅಂತ ಒಂದು ಸಲಹೆ ಬಂದಿತ್ತು. ತೆಗೆಯಲಿಲ್ಲ. ಮೂರನೇ ಬಿಡುಗಡೆ ಆಗಿ ಸ್ವಲ್ಪ ದಿನಕ್ಕೆ, ಕಂಟೈನರ್ ದೂರು ಕೊಟ್ಟಿದ್ದ ಅದೇ ಆಪರೇಟರ್ ಸ್ಟೇಟಸ್ ಸಾಲನ್ನು ನಕಲು ಮಾಡಿ ಕಳಿಸಿದರು. ರನ್‌ಟೈಮ್ ಹೊಸದು ಹಾಕಿದ್ದರು. ಸಾಲಿನಲ್ಲಿ ಈಗ ಇದ್ದದ್ದು ಬರೀ ‘ಮುಚ್ಚುವ ದಾರಿ: ಕ್ಲೋಸ್ ರೇಂಜ್’. ಕೆಳಗೆ ಅವರು ಬರೆದಿದ್ದರು: ಇದಕ್ಕೆ ಮುಂಚೆ ‘ಇರಬಹುದು’ ಅಂತ ಇತ್ತಲ್ಲ, ಅದನ್ನು ನೋಡಿಯೇ ಫಿಲ್ಟರ್ ಹುಡುಕಿದೆ.